ಹದಿನೇಳನೇ ಟೇಪು

ಹದಿನೇಳನೇ ಟೇಪನ್ನು ನಾನು ಒಂದೇ ಸಲ ಅಳೆದೆ. ಎರಡನೇ ಸಲ ಅಳೆಯಲು ಅದು ಉಳಿಯಲಿಲ್ಲ. ಅದಕ್ಕೂ ಮುಂಚೆ ಹದಿನಾರು ಟೇಪು ಮಾಡಿ ಹದಿನಾರರಲ್ಲೂ ಸೋತಿದ್ದೆವು. ಆ ಸೋಲುಗಳಲ್ಲಿ ಒಂದೂ ಈಗ ನನ್ನ ನಿದ್ದೆ ಕೆಡಿಸುವುದಿಲ್ಲ. ಗೆದ್ದದ್ದೇ ಕಾಡುತ್ತದೆ.

ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಖಾಸಗಿ ಕಂಪನಿಯ ಹಿಂಬದಿಯ ಶೆಡ್ಡು ನಮ್ಮ ಪ್ರಯೋಗಾಲಯ. ಮುಂದಿನ ಕಟ್ಟಡದಲ್ಲಿ ಟ್ರಾನ್ಸ್‌ಫಾರ್ಮರಿನ ಸುರುಳಿ ಸುತ್ತುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಏನು ನಡೆಯುತ್ತದೆಂದು ಅಲ್ಲಿಯವರಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಕಬ್ಬಿಣ ಮತ್ತು ಆರ್ಸೆನಿಕ್ ಸೇರಿದ ಒಂದು ಜಾತಿಯ ವಸ್ತುವನ್ನು ವಿಪರೀತ ತಣ್ಣಗೆ ಮಾಡಿದರೆ ಅದು ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲ, ಅತಿವಾಹಕವಾಗುತ್ತದೆ ಎಂಬುದು ಆಗಿನ್ನೂ ಹೊಸ ಸುದ್ದಿ. ಆ ವಸ್ತುವಿನ ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ, ಎಳೆದು, ಒತ್ತಿ, ಚಪ್ಪಟೆ ಟೇಪು ಮಾಡಿ, ಅದರಲ್ಲಿ ಎಷ್ಟು ಕರೆಂಟು ಹರಿಸಬಹುದೆಂದು ನೋಡುವುದು ನಮ್ಮ ಕೆಲಸ. ಒಂದು ಮಿತಿಯವರೆಗೆ ಕರೆಂಟು ಸದ್ದಿಲ್ಲದೆ ಹರಿಯುತ್ತದೆ. ಮಿತಿ ದಾಟಿದ ಕೂಡಲೇ ಅತಿವಾಹಕತೆ ಕುಸಿಯುತ್ತದೆ. ಆ ಮಿತಿಗೆ ಕ್ರಾಂತಿಕ ವಿದ್ಯುತ್ ಎಂದು ಹೆಸರು. ಅದನ್ನು ಹೆಚ್ಚಿಸಬೇಕಾಗಿತ್ತು.

ಹೆಚ್ಚಿಸುವ ದಾರಿ ವಿಚಿತ್ರವಾದದ್ದು. ಬಲವಾದ ಕಾಂತಕ್ಷೇತ್ರದಲ್ಲಿ ಕಾಂತರೇಖೆಗಳು ಸಣ್ಣ ಸಣ್ಣ ಸುಳಿಗಳಾಗಿ ವಸ್ತುವಿನ ಒಳಗೆ ನುಗ್ಗುತ್ತವೆ. ಕರೆಂಟು ಹರಿಯುವಾಗ ಆ ಸುಳಿಗಳನ್ನು ಪಕ್ಕಕ್ಕೆ ನೂಕುತ್ತದೆ. ಅವು ಸರಿದಾಡಿದರೆ ಬಿಸಿ ಹುಟ್ಟುತ್ತದೆ, ಅಲ್ಲಿಗೆ ಮುಗಿಯಿತು. ಅವು ಸರಿಯದಂತೆ ಹಿಡಿದಿಡಲು ವಸ್ತುವಿನ ಒಳಗೆ ದೋಷಗಳು ಬೇಕು: ಸಾಲು ತಪ್ಪಿದ ಪರಮಾಣುಗಳು, ಮುರುಕು, ಕಸದ ಕಣ. ದನಕ್ಕೆ ಗೂಟ ಇದ್ದಂತೆ. ಅಚ್ಚುಕಟ್ಟಾದ, ಶುದ್ಧವಾದ ಹರಳು ಗೂಟವಿಲ್ಲದ ಕೊಟ್ಟಿಗೆ. ಆದ್ದರಿಂದ ಬೇಕೆಂತಲೇ ದೋಷ ಹುಟ್ಟಿಸಬೇಕು, ಅದೂ ಅಳತೆಮಾಡಿ, ಬೇಕಾದ ಜಾಗದಲ್ಲಿ, ಬೇಕಾದಷ್ಟೇ. ಈ ಕೆಲಸಕ್ಕೆ ಮುಖ್ಯಸ್ಥೆಯಾಗಿ ನೇಮಕವಾದವಳು ಇನ್ನೊಬ್ಬರ ತಪ್ಪನ್ನು ಕಂಡರೆ ಮೈಯೆಲ್ಲ ಉರಿಯುವ ನಾನು.

ನನ್ನ ಶಿಸ್ತಿಗೆ ಕಂಪನಿಯಲ್ಲಿ ಹೆಸರಿತ್ತು. ಬೆನ್ನ ಹಿಂದೆ ಬೇರೆ ಹೆಸರೂ ಇತ್ತು, ಅದೂ ನನಗೆ ತಿಳಿದಿತ್ತು. ಪ್ರತಿ ಟೇಪಿಗೂ ನಾನೇ ರೂಪಿಸಿದ ಒಂದು ಹಾಳೆ ಇರುತ್ತಿತ್ತು, ಅದರಲ್ಲಿ ಸಾಲಾಗಿ ಚೌಕಗಳು. ಪುಡಿ ತೂಗಿದ್ದಕ್ಕೆ ಒಂದು, ಅರೆದದ್ದಕ್ಕೆ ಒಂದು, ಕೊಳವೆ ತುಂಬಿದ್ದಕ್ಕೆ ಒಂದು. ಕೆಲಸ ಮುಗಿಸಿದವರು ಚೌಕಕ್ಕೆ ಟಿಕ್ ಹಾಕಬೇಕು, ಕೊನೆಗೆ ನಾನು ಪರಿಶೀಲಿಸಿದ್ದೇನೆಂದು ಸಹಿ ಮಾಡಬೇಕು. ಒಂದು ಚೌಕ ಖಾಲಿಯಿದ್ದರೂ ಟೇಪು ಅಳತೆಗೆ ಹೋಗುವುದಿಲ್ಲ. ಏನಾದರೂ ಬರೆಯೋಣವೆಂದರೆ ಹಾಳೆಯಲ್ಲಿ ಬೆರಳಗಲ ಜಾಗವೂ ಇರಲಿಲ್ಲ. ಬರೆಯುವಂಥದ್ದೇನೂ ಆಗಕೂಡದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಪುಡಿಯ ಕೆಲಸ ಮಾಡುತ್ತಿದ್ದವರು ಕುಂದಲಹಳ್ಳಿಯ ಒಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಹಿಂದೆ ಎಲೆಕ್ಟ್ರಾನಿಕ್ಸ್ ಜೋಡಣೆಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ದುಡಿದು, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಕಾಂಟ್ರಾಕ್ಟಿನ ಮೇಲೆ ಬಂದಿದ್ದರು. ಶೆಡ್ಡಿನಲ್ಲಿ ಎಲ್ಲರಿಗೂ ಅವರು ಅಕ್ಕ. ವಿಷವಾದ ಆರ್ಸೆನಿಕ್ ಇರುವ ಪುಡಿಯನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಅದಕ್ಕೆ ಗಾಳಿ ಸೋಕಿಸುವಂತೆಯೂ ಇಲ್ಲ. ಗ್ಲೋವ್ ಬಾಕ್ಸ್ ಎಂಬ ಗಾಜಿನ ಪೆಟ್ಟಿಗೆಯೊಳಗೆ ಆರ್ಗಾನ್ ಅನಿಲ ತುಂಬಿ, ಪೆಟ್ಟಿಗೆಗೇ ಅಂಟಿಸಿದ ಉದ್ದನೆಯ ರಬ್ಬರು ಕೈಗವಸುಗಳಲ್ಲಿ ತೋಳು ತೂರಿಸಿ ಕೆಲಸ ಮಾಡಬೇಕು. ಒಳಗಿನ ಒತ್ತಡ ಸ್ವಲ್ಪ ಹೆಚ್ಚಿರುವುದರಿಂದ ಯಾರೂ ಕೈ ಹಾಕಿರದ ಹೊತ್ತಿನಲ್ಲಿ ಆ ಕಪ್ಪು ಕೈಗವಸುಗಳು ಉಬ್ಬಿ ಹೊರಕ್ಕೆ ಚಾಚಿಕೊಂಡಿರುತ್ತಿದ್ದವು. ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದು ಅವೇ. ಅಕ್ಕ ತೂಗಿ ಅರೆದ ಪುಡಿ ಒಂದು ಜಾಡಿಯಲ್ಲಿ ತುಂಬುತ್ತಿತ್ತು. ಒಂದು ಜಾಡಿಗೆ ಒಂದು ಟೇಪು, ಎರಡಕ್ಕೂ ಒಂದೇ ನಂಬರು. ಅಂಕಿಗಳನ್ನು ಅಕ್ಕ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದು ಅಂಟಿಸುತ್ತಿದ್ದರು.

ತುಂಬಿದ ಬೆಳ್ಳಿ ಕೊಳವೆಯನ್ನು ತಂತಿಯಾಗಿ ಎಳೆದ ಮೇಲೆ ಅದು ಪೀಣ್ಯಕ್ಕೆ ಹೋಗಬೇಕು. ನಮ್ಮಲ್ಲಿ ರೋಲಿಂಗ್ ಯಂತ್ರವಿರಲಿಲ್ಲ. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ತಾಮ್ರ, ಹಿತ್ತಾಳೆಯ ಪಟ್ಟಿ ಒತ್ತುತ್ತಿದ್ದರು. ನಮ್ಮ ಟೇಪನ್ನೂ ಅವರೇ ಒತ್ತಿ, ಎರಡು ಬಸ್ಸು ಬದಲಿಸಿ, ತಾವೇ ತಂದುಕೊಡುತ್ತಿದ್ದರು. ವಿಧಾನ ನಾನು ಬರೆದುಕೊಟ್ಟದ್ದು. ಅರ್ಧ ತೆಳುವಾಗುವವರೆಗೆ ಒತ್ತಬೇಕು. ಒತ್ತಿದ ಲೋಹ ಬಿರುಸಾಗುತ್ತದೆ, ಆದ್ದರಿಂದ ಅಲ್ಲೇ ಇರುವ ಚಿಕ್ಕ ಭಟ್ಟಿಯಲ್ಲಿಟ್ಟು ಕಾಯಿಸಿ, ಆರಿಸಿ, ಮೆದುವಾದ ಮೇಲೆ ಮತ್ತೆ ಒತ್ತಬೇಕು. ಈ ನಡುವಿನ ಕಾಯಿಸುವಿಕೆ ಹನ್ನೊಂದನೇ ಚೌಕ. ಕೊನೆಯ ದೊಡ್ಡ ಶಾಖ ನಮ್ಮ ಶೆಡ್ಡಿನಲ್ಲಿ. ಆಮೇಲೆ ತುಂಡು ಕತ್ತರಿಸಿ, ನಗರದ ಒಂದು ಸಂಸ್ಥೆಗೆ ಒಯ್ದು, ವಿಪರೀತ ತಣ್ಣಗಿನ ದ್ರವ ಹೀಲಿಯಂನಲ್ಲಿ ಮುಳುಗಿಸಿ ಅಳೆಯುವುದು. ಹೀಲಿಯಂ ನಮಗೆ ಸಿಗುತ್ತಿದ್ದದ್ದು ತಿಂಗಳಿಗೆ ಒಂದೇ ದಿನ.

ಯೋಜನೆಯ ಕೊನೆಯ ಪರಿಶೀಲನೆಗೆ ಒಂಬತ್ತು ತಿಂಗಳು ಉಳಿದಿತ್ತು. ಕ್ರಾಂತಿಕ ವಿದ್ಯುತ್ತು ಗುರಿ ಮುಟ್ಟದಿದ್ದರೆ ಶೆಡ್ಡು ಮುಚ್ಚುವುದೆಂದು ತೀರ್ಮಾನವಾಗಿತ್ತು. ದೋಷ ಹುಟ್ಟಿಸಲು ನಾನು ಹೂಡಿದ ಉಪಾಯಗಳೆಲ್ಲ ಕೈಕೊಟ್ಟಿದ್ದವು. ಅತಿ ಸಣ್ಣ ಆಕ್ಸೈಡ್ ಕಣಗಳನ್ನು ಬೆರೆಸಿದೆ. ಅವು ಹರಳಿನ ಒಳಗೆ ಗೂಟವಾಗಿ ನಿಲ್ಲುವ ಬದಲು ಹರಳು ಹರಳಿನ ನಡುವೆ ಕೂತು ಕರೆಂಟಿನ ದಾರಿಗೇ ಅಡ್ಡಬಿದ್ದವು. ಕಡಿಮೆ ಬೆರೆಸಿದೆ, ಹೆಚ್ಚು ಹೊತ್ತು ಅರೆಸಿದೆ, ಶಾಖ ಬದಲಿಸಿದೆ. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು. ಹದಿನೇಳಕ್ಕೆ ಬರುವ ಹೊತ್ತಿಗೆ ಬೇಸತ್ತು, ಏನನ್ನೂ ಬೆರೆಸದ ಬರಿಯ ಪುಡಿಯಿಂದ ಒಂದು ಟೇಪು ಮಾಡಿ ಹೋಲಿಕೆಗೆ ಇಟ್ಟುಕೊಳ್ಳೋಣ ಎಂದಿದ್ದೆ. ಅದರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ.

ಅದನ್ನು ಒತ್ತುವ ಹಿಂದಿನ ದಿನ ಮೇಸ್ತ್ರಿ ಫೋನು ಮಾಡಿ ಇನ್ನೊಂದು ದಿನ ಸಮಯ ಕೇಳಿದರು. ಹೀಲಿಯಂ ದಿನ ನಿಗದಿಯಾಗಿದೆ, ನಾಳೆ ಸಂಜೆಯೊಳಗೆ ಟೇಪು ಬೇಕೇಬೇಕು ಎಂದೆ. ಸಮಯ ಯಾಕೆ ಬೇಕೆಂದು ನಾನು ಕೇಳಲಿಲ್ಲ. ಮರುದಿನ ಸಂಜೆ ಅವರು ಟೇಪು ತಂದರು, ಹಾಳೆಯ ಎಲ್ಲ ಚೌಕಗಳಲ್ಲೂ ಟಿಕ್ ಇತ್ತು. ನಿಂತ ನಿಲುವಿನಲ್ಲೇ ಸಹಿ ಹಾಕಿದೆ.

ಅಳತೆಯ ದಿನದ ಒಂದೊಂದು ನಿಮಿಷವೂ ನನಗೆ ನೆನಪಿದೆ. ಹೀಲಿಯಂ ಪಾತ್ರೆಯೊಳಗೆ ಟೇಪನ್ನು ಇಳಿಸಿ, ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದೆ. ಹಿಂದಿನ ಟೇಪುಗಳೆಲ್ಲ ಕೈಚೆಲ್ಲಿದ ಜಾಗ ಬಂತು, ದಾಟಿತು. ವೋಲ್ಟ್‌ಮೀಟರು ಅಲ್ಲಾಡಲಿಲ್ಲ, ಅಂದರೆ ತಡೆ ಇನ್ನೂ ಹುಟ್ಟಿರಲಿಲ್ಲ. ತಂತಿ ಬಿಟ್ಟುಹೋಗಿದೆಯೇನೋ ಎಂದು ಸಂಸ್ಥೆಯ ತಂತ್ರಜ್ಞರು ಪರೀಕ್ಷಿಸಿದರು, ಎಲ್ಲ ಸರಿಯಾಗಿತ್ತು. ಗುರಿಯ ಜಾಗ ಬಂತು, ಅದನ್ನೂ ದಾಟಿತು. ಮೀಟರು ಮೌನವಾಗಿಯೇ ಇತ್ತು. ನನಗೆ ಸಂತೋಷವಾಗಬೇಕಿತ್ತು, ಆದರೆ ಭಯವಾಯಿತು. ಕತ್ತಲೆಯಲ್ಲಿ ಮೆಟ್ಟಿಲಿಳಿಯುವಾಗ ನೆಲ ಬಂತೆಂದು ಕಾಲಿಟ್ಟಲ್ಲಿ ಇನ್ನೊಂದು ಮೆಟ್ಟಿಲು ಇದ್ದ ಹಾಗೆ. ಏರಿಸುತ್ತಲೇ ಹೋದೆ. ಅಷ್ಟು ಕರೆಂಟು ತಡೆಯಬಹುದೆಂದು ನಾವು ಯೋಚಿಸಿಯೇ ಇರಲಿಲ್ಲವಾದ್ದರಿಂದ ತುದಿಯ ಬೆಸುಗೆ ಸಣ್ಣದಾಗಿತ್ತು. ಅದು ಕಾದು, ಪಾತ್ರೆಯ ಬಾಯಿಂದ ಬಿಳಿ ಆವಿ ಭುಸ್ಸೆಂದು ಎದ್ದಿತು. ಮೇಲೆತ್ತಿ ನೋಡಿದರೆ ಟೇಪು ಕರಗಿ ಎರಡು ತುಂಡಾಗಿತ್ತು.

ತುದಿಯಲ್ಲಿ ಸುಟ್ಟದ್ದು ಬೆಸುಗೆ, ಟೇಪಿನ ನಿಜವಾದ ಮಿತಿ ನಮಗೆ ಸಿಗಲೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಉಳಿದ ಟೇಪು ಕೊನೆಯ ಶಾಖದಲ್ಲೇ ಬಿರಿದಿದ್ದರಿಂದ ಇನ್ನೊಂದು ತುಂಡು ಕತ್ತರಿಸುವ ಹಾಗೂ ಇರಲಿಲ್ಲ. ಯಂತ್ರದ ತಪ್ಪಿರಬೇಕು ಎಂದರು ನಮ್ಮ ಕಂಪನಿಯ ನಿರ್ದೇಶಕರು. ಶೆಡ್ಡಿನ ಇತರರು ಅದಕ್ಕೆ ದೆವ್ವದ ಟೇಪು ಎಂದು ಹೆಸರಿಟ್ಟು ನಕ್ಕರು. ನಾನು ನಗಲಿಲ್ಲ. ಹದಿನೆಂಟನೆಯದನ್ನು ಅಕ್ಷರಶಃ ಹದಿನೇಳರಂತೆಯೇ ಮಾಡಿ ತೋರಿಸುತ್ತೇನೆ ಎಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. ಬಲಗೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ ಇತ್ತು. ಹದಿನೆಂಟನೇ ಜಾಡಿಯ ಪುಡಿ ಅರೆಯುವಾಗ ಬಲಗಡೆಯ ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡಿದೆ, ಕೈ ಹಿಂದೆಳೆದು ಒತ್ತಡ ಇಳಿದಾಗಲೆಲ್ಲ ಒಳಗೆ ಗಾಳಿ ಹೋಗಿರಬಹುದು ಎಂದರು.

"ಜಾಡಿ ಏನಾಯ್ತು?" ಎಂದು ಕೇಳಿದೆ.

ನಾನು ಕೇಳಿದ್ದು ಇದನ್ನೇ. ಬೇರೇನನ್ನೂ ಕೇಳಲಿಲ್ಲ. ಜಾಡಿ ಮುಚ್ಚಿಟ್ಟಿದ್ದೇನೆ, ಎಲ್ಲಾ ಇದರಲ್ಲಿ ಬರೆದಿದ್ದೇನೆ ಎಂದು ಅವರು ಚೀಟಿ ಚಾಚಿದರು. ನನಗೆ ಬೇಕಾಗಿದ್ದದ್ದು ಚೀಟಿಯಲ್ಲ, ಹದಿನೆಂಟನೇ ಟೇಪು. ಅಲ್ಲಿಡಿ ಎಂದು ಮೇಜಿನ ಮೂಲೆ ತೋರಿಸಿ, ಆ ಜಾಡಿಯನ್ನು ವಿಷದ ಕಸಕ್ಕೆ ಸೇರಿಸಲು ಆಜ್ಞೆ ಮಾಡಿದೆ. ಕೈಗವಸನ್ನು ದಿನಾ ಪರೀಕ್ಷಿಸುವುದು ಯಾರ ಕೆಲಸ, ಚೌಕಕ್ಕೆ ಟಿಕ್ ಹಾಕಿದ್ದು ಯಾರು ಎಂದೆಲ್ಲ ಕೂಗಾಡಿದೆ. ಆ ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟು ಮುಗಿಯುತ್ತಿತ್ತು, ಮುಂದುವರಿಸುವುದು ಬೇಡವೆಂದು ಬರೆದುಕೊಟ್ಟೆ. ಆ ಚೀಟಿ ಏನಾಯಿತೋ ಗೊತ್ತಿಲ್ಲ. ಹಾಳೆಗಳ ಜೊತೆ ಸೇರಿ ಕಸದ ಬುಟ್ಟಿಗೆ ಹೋಗಿರಬೇಕು.

ಹೊಸ ಕೈಗವಸು ಬಂತು, ಪುಡಿಗೆ ಹೊಸಬರು ಬಂದರು. ಹತ್ತೊಂಬತ್ತನೇ ಟೇಪು ಹದಿನಾರರ ಹಾಗೇ ಸೋತಿತು. ಇಪ್ಪತ್ತೂ ಹಾಗೆಯೇ. ಹದಿನೇಳರ ಹಾಳೆಯನ್ನು ಗೋಡೆಗೆ ಅಂಟಿಸಿ, ಚೌಕಕ್ಕೆ ಚೌಕ ಹೊಂದಿಸಿ ಮಾಡಿಸಿದೆ. ಇಪ್ಪತ್ತೈದರ ಹೊತ್ತಿಗೆ ಆ ಹಾಳೆ ನನಗೆ ಬಾಯಿಪಾಠವಾಗಿತ್ತು. ಬಸ್ಸಿನ ನಂಬರಿನಲ್ಲಿ, ಮನೆಯ ಬಾಗಿಲಲ್ಲಿ ಹದಿನೇಳು ಕಂಡರೆ ಅಲ್ಲೇ ನಿಂತುಬಿಡುತ್ತಿದ್ದೆ. ಖಾಲಿ ಜಾಡಿಗಳ ಮೇಲೆ ಅಕ್ಕನ ದುಂಡಕ್ಷರ ಇನ್ನೂ ಉಳಿದಿತ್ತು. ಹೊಸಬರು ಅದನ್ನು ಕೆರೆದು ತೆಗೆಯಲು ಹೋದರೆ ಬೇಡ ಎನ್ನುತ್ತಿದ್ದೆ. ಬೆಳಿಗ್ಗೆ ಶೆಡ್ಡಿಗೆ ಮೊದಲು ಬರುವುದನ್ನು ಬಿಟ್ಟುಬಿಟ್ಟೆ. ಆ ಎರಡು ಕಪ್ಪು ಕೈಗಳು ನನ್ನ ಕಡೆಗೇ ಚಾಚಿಕೊಂಡು ಏನೋ ಕೊಡಲು ಬಂದ ಹಾಗೆ ಕಾಣುತ್ತಿದ್ದವು. ಯಾರಾದರೂ ಬಂದು ಅವುಗಳಲ್ಲಿ ಕೈ ತೂರಿಸುವವರೆಗೆ ಹೊರಗೇ ನಿಂತಿರುತ್ತಿದ್ದೆ.

ಪರಿಶೀಲನೆಗೆ ಎರಡು ತಿಂಗಳಿರುವಾಗ, ಇಪ್ಪತ್ತೊಂಬತ್ತನೇ ಟೇಪು ಒತ್ತುವುದನ್ನು ಕಣ್ಣಾರೆ ನೋಡಲೆಂದು ಪೀಣ್ಯಕ್ಕೆ ಹೋದೆ. ಇಷ್ಟು ದಿನ ಯಾಕೆ ಹೋಗಿರಲಿಲ್ಲ ಎಂದರೆ, ಹಾಳೆ ಇತ್ತಲ್ಲ. ಮೇಸ್ತ್ರಿ ಒಂದು ಸ್ಟೂಲು ಒರೆಸಿ ಕೊಟ್ಟರು. ಬೆಳಗಿನಿಂದ ಗಡಿಯಾರ ಹಿಡಿದು ಕೂತೆ. ಅವರು ಬರೆದಿದ್ದನ್ನು ಬರೆದ ಹಾಗೆ ಮಾಡಿದರು: ಒತ್ತಿದರು, ಭಟ್ಟಿಗಿಟ್ಟರು, ಕಾಯಿಸಿದರು, ಆರಿಸಿದರು, ಮತ್ತೆ ಒತ್ತಿದರು. ಒಂದು ನೂಲೆಳೆಯಷ್ಟು ವ್ಯತ್ಯಾಸವಿಲ್ಲ. ಸಂಜೆಯಾಗುವ ಹೊತ್ತಿಗೆ ನನಗೆ ಅಳುವೇ ಬಂದಿತ್ತು.

ಮುಖ ತೊಳೆಯಲು ಎದ್ದಾಗ ಗೋಡೆಯ ಕ್ಯಾಲೆಂಡರು ಕಂಡಿತು. ದಪ್ಪ ಅಂಕಿ, ಹುಣ್ಣಿಮೆಗೆ ಕೆಂಪು ಉಂಗುರ, ಅಮಾವಾಸ್ಯೆಗೆ ಕಪ್ಪು ಚುಕ್ಕೆ ಇರುವಂಥದ್ದು. ಚುಕ್ಕೆ ಇರುವ ದಿನಗಳಲ್ಲೆಲ್ಲ ಮೇಸ್ತ್ರಿ ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದರು. ರೋಲಿಂಗ್ ಯಂತ್ರದ ಕಾಲ ಬಳಿ ಒಣಗಿದ ನಿಂಬೆಹಣ್ಣಿನ ಹೋಳುಗಳು ಬಿದ್ದಿದ್ದವು. ಸುಮ್ಮನೆ ಕುತೂಹಲಕ್ಕೆ ತಿಂಗಳುಗಳನ್ನು ಹಿಂದಕ್ಕೆ ಮಗುಚಿದೆ. ನನ್ನ ಟೇಪುಗಳ ದಿನಾಂಕ ನನಗೆ ಕಂಠಪಾಠ. ಒಂದೇ ಒಂದು ಟೇಪೂ ಕಪ್ಪು ಚುಕ್ಕೆಯ ದಿನ ಬಿದ್ದಿರಲಿಲ್ಲ, ಹದಿನೇಳೊಂದನ್ನು ಬಿಟ್ಟು.

"ಮೇಸ್ತ್ರಿ, ಆವತ್ತು ಭಟ್ಟಿ ಹಚ್ಚಿದ್ರಾ?" ಎಂದೆ.

ಅವರು ಕೈಯಲ್ಲಿದ್ದ ಬಟ್ಟೆಯಿಂದ ಉರುಳೆ ಒರೆಸುತ್ತಲೇ ಇದ್ದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಇಲ್ರಿ," ಎಂದರು ಕೊನೆಗೆ. "ಮಧ್ಯಾಹ್ನಕ್ಕ ಅಮಾಸಿ ಹತ್ತೂದಿತ್ರಿ. ಅಮಾಸಿ ಹತ್ತಿದ ಮ್ಯಾಲ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗಾ ಇಡಂಗಿಲ್ರಿ. ಇಲ್ಲಿ ನನಗ ಎತ್ತೆಲ್ಲಿ ಬರಬೇಕ್ರಿ, ಇದ ನನ್ನ ಎತ್ತು." ಯಂತ್ರದ ಮೇಲೆ ಕೈಯಿಟ್ಟರು. "ಕಾಸಿ, ಆರಿಸಿ ಮತ್ತ ಒತ್ತೂದ್ರಾಗ ಸಂಜಿ ಆಕ್ಕಿತ್ತು. ಅದಕ್ಕ ಕಾಸೂದು ಬಿಟ್ಟು, ಹರೀಬಾರದಂತ ಸಣ್ಣ ಸಣ್ಣ ತುತ್ತು ಕೊಟ್ಟು ಒತ್ತಿಬಿಟ್ಟೆ. ಟಿಕ್ ಇರಲಿಲ್ಲಂದ್ರ ನೀವು ತಗೋತಿರಲಿಲ್ಲ."

ನನ್ನ ತಲೆಯಲ್ಲಿ ಎಲ್ಲವೂ ಒಟ್ಟಿಗೆ ಕೂಡಿಕೊಂಡಿತು. ಕಾಯಿಸಿದರೆ ಬೆಳ್ಳಿ ಮೆದುವಾಗುತ್ತದೆ. ಮೆದುವಾದ ಬೆಳ್ಳಿ ತಾನು ಹರಡಿಕೊಂಡುಬಿಡುತ್ತದೆ, ಒಳಗಿನ ಪುಡಿಗೆ ಒತ್ತಡ ಸರಿಯಾಗಿ ತಾಗುವುದಿಲ್ಲ. ಕಾಯಿಸದೆ ಬಿಟ್ಟ ಬಿರುಸು ಬೆಳ್ಳಿ ಒಳಗಿನ ಹರಳುಗಳನ್ನು ಒಡೆದು, ಒತ್ತಿ, ಒಂದರ ಪಕ್ಕ ಒಂದನ್ನು ಮಲಗಿಸಿತ್ತು. ಮುರುಕು, ತಿರುಚು, ಸಾಲು ತಪ್ಪಿದ ಪದರ ಎಲ್ಲವೂ ಒಳಗೆ ಉಳಿದವು. ನಾನು ಮೂರು ವರ್ಷದಿಂದ ಹುಡುಕುತ್ತಿದ್ದ ಗೂಟಗಳು ಅವೇ. ಹನ್ನೊಂದನೇ ಚೌಕದಲ್ಲಿ ನಾನೇ ಅವನ್ನು ಕಿತ್ತುಹಾಕಿಸುತ್ತಿದ್ದೆ.

ಇಷ್ಟು ತಿಂಗಳು ನಾನು ಒದ್ದಾಡುತ್ತಿದ್ದದ್ದು ನಿಮಗೆ ಗೊತ್ತಿತ್ತು, ಒಂದು ಮಾತು ಹೇಳಬಾರದಿತ್ತೇ ಎಂದೆ. ಸಿಟ್ಟು ಬರಲಿಲ್ಲ, ನಿಜವಾಗಿ ತಿಳಿಯಬೇಕೆನಿಸಿತ್ತು.

"ಹೇಳಾಕಂತ ಬಂದಿದ್ದೆರಿ," ಎಂದರು ಮೇಸ್ತ್ರಿ. "ಹದಿನೇಳು ಚಲೋ ಬಂತಂತ ಕೇಳಿ ನಿಮ್ಮ ಗೇಟಿನ ತನಕ ಬಂದಿದ್ದೆ. ಆ ಪುಡಿ ಅಕ್ಕಾರು ಡಬ್ಬಿ, ಚಪ್ಪಲಿ ಎಲ್ಲಾ ಚೀಲದಾಗ ಹಾಕ್ಕೊಂಡು ಹೊರಗ ಬರಾಕತ್ತಿದ್ರು. ಯಾಕ್ರಿ ಅಂದೆ. ಖರೆ ಹೇಳಿದೆ, ಅದಕ್ಕ ಕಳಿಸಿದ್ರು ಅಂದ್ರು. ನಾ ಹಂಗ ಹೊಳ್ಳಿ ಬಸ್ ಹತ್ತಿದೆ."

ಪೀಣ್ಯದಿಂದ ದೊಡ್ಡನೆಕ್ಕುಂದಿಗೆ ಹೊರವರ್ತುಲ ರಸ್ತೆಯಲ್ಲಿ ಅವತ್ತು ಎಷ್ಟು ಹೊತ್ತು ಹಿಡಿಯಿತೆಂದು ನನಗೆ ತಿಳಿಯಲೇ ಇಲ್ಲ. ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ದೋಷ ಬೇಕು ದೋಷ ಬೇಕು ಎಂದು ಜಪಿಸುತ್ತಿದ್ದವಳ ಮುಂದೆ ತಪ್ಪೊಂದು ತಾನಾಗಿ ನಡೆದುಬಂದು ನಿಂತಿತ್ತು. ನಾನು ಅದಕ್ಕೆ ಗೇಟು ತೋರಿಸಿದ್ದೆ. ಅದನ್ನು ನೋಡಿದ ಇನ್ನೊಂದು ತಪ್ಪು ಗೇಟಿನಿಂದಲೇ ತಿರುಗಿ ಹೋಗಿತ್ತು.

ಮೂವತ್ತೊಂದನೇ ಟೇಪನ್ನು ಕಾಯಿಸದೆ, ಸಣ್ಣ ತುತ್ತುಗಳಲ್ಲಿ ಒತ್ತಿಸಿದೆ. ಒಂದೊಂದು ಸಲ ಎಷ್ಟು ಒತ್ತಬೇಕೆಂದು ಮೇಸ್ತ್ರಿ ಹೇಳಿದರು, ನಾನು ಬರೆದುಕೊಂಡೆ. ಅವರು ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಸವರಿ, ಬಿರುಸು ಕೈಗೆ ತಿಳಿದ ಮೇಲೆ ಮುಂದಿನ ತುತ್ತು ನಿರ್ಧರಿಸುತ್ತಿದ್ದರು. ಈ ಸಲ ಬೆಸುಗೆಯನ್ನು ದಪ್ಪಗೆ ಮಾಡಿಸಿದ್ದೆ. ಹೀಲಿಯಂನಲ್ಲಿ ಟೇಪು ಗುರಿಯ ಜಾಗ ದಾಟಿ ಇನ್ನಷ್ಟು ಏರಿ, ಆಮೇಲೆ ಕೈಚೆಲ್ಲಿತು. ಎರಡನೇ ತುಂಡೂ ಅಲ್ಲೇ ನಿಂತಿತು, ಮೂರನೆಯದೂ. ಮೂವತ್ತೆರಡನೇ ಟೇಪೂ ಅದೇ ಜಾಗಕ್ಕೆ ಬಂತು. ಯೋಜನೆ ಉಳಿಯಿತು. ಶೆಡ್ಡಿನಲ್ಲಿ ಎಲ್ಲರೂ ಜಿಲೇಬಿ ತಿಂದರು.

ಆದರೆ ಅದು ಹದಿನೇಳು ಸುಟ್ಟ ಜಾಗದ ಮುಕ್ಕಾಲು ಪಾಲು ಮಾತ್ರ. ಉಳಿದ ಕಾಲು ಭಾಗವನ್ನು ಬೇರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಾಧಿಸಿದ್ದೇವಲ್ಲ, ಇನ್ನು ಆ ದೆವ್ವವನ್ನು ಬಿಡಿ ಎಂದರು ನಿರ್ದೇಶಕರು. ನಡುವಿನ ಶಾಖವನ್ನು ನಾವೇ ಯೋಚಿಸಿ ಬಿಟ್ಟೆವೆಂದು ವರದಿಯಲ್ಲಿ ಬರೆದರೆ ಸಾಕು ಎಂದೂ ಹೇಳಿದರು. ಅವರು ಹೇಳಿದ್ದರಲ್ಲಿ ಮೇಸ್ತ್ರಿಗೂ ಕ್ಷೇಮವಿತ್ತು. ಸುಳ್ಳು ಟಿಕ್ ಹೊರಬಂದರೆ ಅವರಿಗೆ ಕೊಡುವ ಕೆಲಸ ನಿಲ್ಲಿಸಬೇಕಾಗುತ್ತದೆ ಎಂಬುದು ಕಂಪನಿಯ ನಿಯಮ. ಹಾವೂ ಸಾಯದೆ ಕೋಲೂ ಮುರಿಯದ ದಾರಿ.

ಎರಡು ದಿನ ನಾನೂ ಹಾಗೇ ಬರೆಯುವುದೆಂದುಕೊಂಡಿದ್ದೆ. ಬರೆಯಲು ಕೂತಾಗ ಹದಿನೇಳರ ಹಾಳೆಯನ್ನು ಗೋಡೆಯಿಂದ ಬಿಡಿಸಿ ಮುಂದಿಟ್ಟುಕೊಂಡೆ. ಹನ್ನೊಂದನೇ ಚೌಕದಲ್ಲಿ ಮೇಸ್ತ್ರಿಯ ಟಿಕ್ ಇತ್ತು. ಅದರ ಕೆಳಗೆ, ಪರಿಶೀಲಿಸಿದ್ದೇನೆ ಎಂಬ ಸಾಲಿನ ಮುಂದೆ, ನನ್ನ ಸಹಿ. ನಾನು ಏನನ್ನೂ ಪರಿಶೀಲಿಸಿರಲಿಲ್ಲ. ಸುಳ್ಳು ಬರೆದವರು ಇಬ್ಬರು, ಅದರಲ್ಲಿ ಹೆದರಿ ಬರೆದವರು ಒಬ್ಬರೇ. ವರದಿಯಲ್ಲಿ ಹೀಗೆ ಬರೆದೆ: ಈ ಹಂತ ನಡೆದಿಲ್ಲ, ನಡೆದಿದೆ ಎಂದು ನೋಡದೆಯೇ ಸಹಿ ಮಾಡಿದವಳು ನಾನು, ಸತ್ಯ ಬರೆಯಲು ಹಾಳೆಯಲ್ಲಿ ಜಾಗ ಬಿಡದವಳೂ ನಾನು. ಮೇಸ್ತ್ರಿಯ ಕೈಯ ಅಂದಾಜನ್ನು ಅವರ ವಿಧಾನವೆಂದೇ ಬರೆದೆ. ಹೊಸ ಹಾಳೆಯ ಅರ್ಧವನ್ನು ಖಾಲಿ ಬಿಟ್ಟು, ಏನೇನು ತಪ್ಪಿತು ಎಂಬ ತಲೆಬರಹವನ್ನು ಅದರ ಮೇಲೆ ಹಾಕಿಸಿದೆ. ಒತ್ತುವುದಕ್ಕೆ ಬೇರೆ ಯಾರೂ ಇಲ್ಲದ್ದರಿಂದ ಮೇಸ್ತ್ರಿಯನ್ನು ಯಾರೂ ಮುಟ್ಟಲಿಲ್ಲ. ಮುಖ್ಯಸ್ಥೆಯ ಹೊಣೆಯನ್ನು ನನ್ನಿಂದ ತೆಗೆದರು. ಅದು ನ್ಯಾಯವೇ.

ಆ ಕಾಲು ಭಾಗ ಮಾತ್ರ ನನ್ನನ್ನು ಬಿಡಲಿಲ್ಲ. ಹದಿನೇಳರಲ್ಲಿ ಇದ್ದದ್ದು, ಮೂವತ್ತೊಂದರಲ್ಲಿ ಇಲ್ಲದ್ದು ಯಾವುದು? ಒ‌ತ್ತಿದ ಕೈ ಅದೇ, ಶಾಖ ಅದೇ. ಬೇರೆಯಾಗಿದ್ದದ್ದು ಪುಡಿ ಮಾಡಿದ ಕೈ. ಅಕ್ಕ ಈಗ ಮಹದೇವಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾರೆಂದು ತಿಳಿಯಿತು. ಕ್ಷಮೆ ಕೇಳಲು ಹೋಗುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಹೋದದ್ದು ಆ ಕಾಲು ಭಾಗಕ್ಕಾಗಿ.

ಮಧ್ಯಾಹ್ನದ ಹೊತ್ತು, ಲ್ಯಾಬಿನಲ್ಲಿ ಜನ ಕಡಿಮೆಯಿದ್ದರು. ಅಕ್ಕ ಸೀಸೆಗಳಿಗೆ ಹೆಸರು ಅಂಟಿಸುತ್ತಿದ್ದರು, ಅದೇ ದುಂಡಕ್ಷರ. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ತೋರಿಸಿದರು, ನೀರು ಕೊಟ್ಟರು. ತಪ್ಪು ನನ್ನದು ಎಂದು ಹೇಗೋ ಹೇಳಿದೆ. ಆಯ್ತು ಬಿಡಿ ಮೇಡಂ ಎಂದರು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಆಮೇಲೆ ನಾನು ಬಂದ ಕೆಲಸಕ್ಕೆ ಬಂದೆ. ಕೈಗವಸಿನ ತೂತು ಹದಿನೆಂಟನೇ ಜಾಡಿಯಲ್ಲೇ ಶುರುವಾದದ್ದೇ ಎಂದು ಕೇಳಿದೆ.

"ಅಲ್ಲ ಮೇಡಂ, ಹದಿನೇಳರಿಂದಾನೇ," ಎಂದರು. "ತೂತು ಕಣ್ಣಿಗೆ ಬಿದ್ದಿದ್ದು ಹದಿನೆಂಟರಲ್ಲಿ. ಆದ್ರೆ ಅದಕ್ ಮುಂಚೇನೇ ಪೆಟ್ಟಿಗೆಯ ಆಕ್ಸಿಜನ್ ಮೀಟರು ದಿನಾ ಇಷ್ಟಿಷ್ಟೇ ಏರ್ತಿತ್ತು. ಯಾವತ್ತು ಎಷ್ಟು, ಎಷ್ಟೊತ್ತು ಅಂತ ಎಲ್ಲಾ ಆ ಚೀಟೀಲಿ ಬರ್ದಿದ್ದೆ."

ಕಾಲು ಭಾಗ ಸಿಕ್ಕಿತು. ಒಳಗೆ ನುಸುಳಿದ ಅಷ್ಟೇ ಅಷ್ಟು ಗಾಳಿ ಹರಳಿನ ಒಳಗೇ ಅತಿ ಸಣ್ಣ ಆಕ್ಸೈಡ್ ಕಣಗಳನ್ನು ಹುಟ್ಟಿಸಿರಬೇಕು. ನಾನು ಹೊರಗಿನಿಂದ ಬೆರೆಸಿ ಬೆರೆಸಿ ಸೋತ ಗೂಟಗಳನ್ನು ಅವು ತಾವಾಗಿ ಹೂಡಿದ್ದವು. ಎಷ್ಟು ಗಾಳಿ ಎಂದು ತಿಳಿದರೆ ಸಾಕಾಗಿತ್ತು. ಆ ಅಂಕಿಗಳು ನೆನಪಿವೆಯೇ ಎಂದು ಕೇಳಿದೆ.

"ಇಲ್ಲ ಮೇಡಂ. ನೆನಪಿರಲ್ಲ ಅಂತಾನೇ ಬರ್ದಿದ್ದು." ಅವರು ಇನ್ನೊಂದು ಸೀಸೆಗೆ ಹೆಸರು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. "ಕೊನೇ ಸಾಲು ಒಂದು ನೆನಪೈತೆ."

ಏನದು ಎಂದೆ.

"ತೂತಿಂದ ಬೆರಳಿಗೆ ಪುಡಿ ತಾಗಿದೆ ಮೇಡಂ, ಏನ್ ಮಾಡ್ಬೇಕು ಹೇಳಿ, ಅಂತ."

ನನ್ನ ಕಣ್ಣು ಅವರ ಬಲಗೈ ಮೇಲೆ ಹೋಯಿತು. ತೋರುಬೆರಳ ತುದಿಯಲ್ಲಿ ಚರ್ಮ ಸ್ವಲ್ಪ ದಪ್ಪಗಾಗಿ, ಬಣ್ಣ ಬೇರೆಯಾಗಿತ್ತು. ಅಷ್ಟರಲ್ಲಿ ಯಾರೋ ರಕ್ತ ಕೊಡಲು ಬಂದರು. ಅಕ್ಕ ಡಬ್ಬಿಯಿಂದ ಹೊಸ ಕೈಗವಸು ತೆಗೆದು, ಗಾಳಿಯಲ್ಲಿ ಒಮ್ಮೆ ಬೀಸಿ, ಬಾಯಿ ತಿರುಚಿ ಗಾಳಿಯನ್ನು ಒಳಗೆ ಹಿಡಿದರು. ಆಮೇಲೆ ಅದನ್ನು ಕಿವಿಯ ಹತ್ತಿರ ತಂದು, ಗಾಳಿ ಸೋರುವ ಸದ್ದಿದೆಯೇ ಎಂದು ಮೆಲ್ಲಗೆ ಅದುಮಿದರು. ಐದು ಬೆರಳೂ ಉಬ್ಬಿ ನನ್ನ ಕಡೆಗೆ ಚಾಚಿಕೊಂಡವು.